ಅನುಕರಣ ಶಬ್ದ: ಅಲಂಕಾರವೋ, ಅವ್ಯಯವೋ?

ಜೂನ್ ತಿಂಗಳು ಬಂತೆಂದರೆ ನವಿ ಪೇಠದ ಪುಸ್ತಕದಂಗಡಿಗಳಲ್ಲಿ ಇಂಗ್ಲಿಷ್ ವ್ಯಾಕರಣದ ಗೈಡುಗಳು ರಾಶಿ ಬೀಳುತ್ತವೆ. ‘ಪಾರ್ಟ್ಸ್ ಆಫ್ ಸ್ಪೀಚ್’, ‘ಫಿಗರ್ಸ್ ಆಫ್ ಸ್ಪೀಚ್’ ಎಂಬ ಎರಡು ಅಧ್ಯಾಯಗಳು ಅವುಗಳಲ್ಲಿ ತಪ್ಪದೆ ಇರುತ್ತವೆ. ಸಿಮಿಲಿ ಎಂದರೆ ಉಪಮೆ, ಮೆಟಫರ್ ಎಂದರೆ ರೂಪಕ, ಅಲಿಟರೇಶನ್ ಎಂದರೆ ಅನುಪ್ರಾಸ ಎಂದು ಬಾಯಿಪಾಠ ಮಾಡಿಸುವುದು ರೂಢಿ. ಸೇವೆಯಲ್ಲಿದ್ದಷ್ಟು ಕಾಲ ನಾವೂ ಹಾಗೆಯೇ ಕಲಿಸಿದೆವು.

ಈ ಸಮೀಕರಣಗಳು ಪೂರ್ತಿ ತಪ್ಪಲ್ಲ. ಆದರೆ ರೂಪಕದಲ್ಲಿ ಉಪಮೇಯ ಉಪಮಾನಗಳೆರಡೂ ಮಾತಿನಲ್ಲಿ ಉಳಿದಿರಬೇಕು. ಉಪಮಾನವು ಉಪಮೇಯವನ್ನು ನುಂಗಿಬಿಟ್ಟರೆ ನಮ್ಮ ಆಲಂಕಾರಿಕರು ಅದನ್ನು ಅತಿಶಯೋಕ್ತಿಯಲ್ಲಿ ಸೇರಿಸುತ್ತಾರೆ. ಇಂಗ್ಲಿಷಿಗೆ ಎರಡೂ ಮೆಟಫರೇ. ಪದವರ್ಗಗಳ ವಿಷಯದಲ್ಲಿ ನಮ್ಮ ಗಡಿನಾಡಿನ ಮಕ್ಕಳಿಗೆ ಒಂದು ಅನುಕೂಲವಿದೆ. 1836ರಲ್ಲಿ ಮರಾಠಿ ವ್ಯಾಕರಣ ಬರೆದ ದಾದೋಬಾ ಪಾಂಡುರಂಗರು ಇಂಗ್ಲಿಷ್ ವ್ಯಾಕರಣದ ಮಾದರಿಯನ್ನು ಮುಂದಿಟ್ಟುಕೊಂಡವರು. ಆದ್ದರಿಂದ ಎಂಟು ಪದವರ್ಗಗಳು ನಮ್ಮ ಮಕ್ಕಳಿಗೆ ಮರಾಠಿ ತಾಸಿನಲ್ಲಿಯೇ ಪರಿಚಯವಾಗಿರುತ್ತವೆ.

ತೊಡಕು ಇರುವುದು ‘ಆನಮಟೋಪಿಯಾ’ ಎಂಬಲ್ಲಿ. ಇಂಗ್ಲಿಷ್ ಪುಸ್ತಕಗಳು ಇದನ್ನು ಅಲಂಕಾರಗಳ ಪಂಕ್ತಿಯಲ್ಲಿ ಕೂಡಿಸುತ್ತವೆ. ಕನ್ನಡದಲ್ಲಿ ಇದೇ ಸಂಗತಿ ಅನುಕರಣಾವ್ಯಯ. ಅದರ ಮನೆ ವ್ಯಾಕರಣ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅವ್ಯಯಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಹೆಚ್ಚಿನ ವ್ಯತ್ಯಾಸ ಇನ್ನೊಂದು. ಇಂಗ್ಲಿಷಿನ ವ್ಯಾಖ್ಯೆಯಂತೆ ಅನುಕರಣವಾಗುವುದು ಧ್ವನಿ ಮಾತ್ರ. ನಮ್ಮಲ್ಲಿ ಮಗ್ಗದ ಖಟಖಟದಂತೆ ಮಲ್ಲಿಗೆಯ ಘಮಘಮವೂ ಬೆಳಕಿನ ಥಳಥಳವೂ ಅನುಕರಣವೇ. ಕಿವಿಗೆ ಬಾರದ ಕಂಪನ್ನು, ಹೊಳಪನ್ನು ಕನ್ನಡವು ಕಿವಿಗೆ ಕೇಳಿಸಿಬಿಡುತ್ತದೆ!

ಇದನ್ನು ನಮಗೆ ತೋರಿಸಿಕೊಟ್ಟವಳು ಅಕ್ಕಲಕೋಟ ತಾಲೂಕಿನ ಹಳ್ಳಿಯಿಂದ ಬರುತ್ತಿದ್ದ ಒಂಬತ್ತನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿನಿ. ಆನಮಟೋಪಿಯಾಕ್ಕೆ ಎರಡು ಉದಾಹರಣೆ ಕೇಳಿದ್ದೆವು. ‘ಬಝ್’ ಎಂದು ಬರೆದು, ಅದರ ಕೆಳಗೆ ‘ಟ್ವಿಂಕಲ್’ ಎಂದು ಬರೆದಿದ್ದಳು. ಕೆಂಪು ಗೆರೆ ಎಳೆದು ಅಂಕ ಕಳೆದೆವು. ಮರುದಿನ ಎದ್ದು ನಿಂತು, “ಸರ, ಮಿಣಮಿಣ ಅನ್ನೂದು ಅನುಕರಣ ಐತಲ್ರಿ, ಟ್ವಿಂಕಲ್ ಯಾಕ ಅಲ್ರಿ?” ಎಂದಳು. ನಕ್ಷತ್ರ ಸಪ್ಪಳ ಮಾಡುತ್ತದೆಯೇ ಎಂದು ಕೇಳಿ ಕೂಡಿಸಿದೆವು. ತರಗತಿ ನಕ್ಕಿತು. ಆಕೆ ಮತ್ತೆ ಪ್ರಶ್ನೆ ಕೇಳಿದ್ದು ನಮಗೆ ನೆನಪಿಲ್ಲ.

ಪರೀಕ್ಷೆಯ ದೃಷ್ಟಿಯಿಂದ ನಮ್ಮ ಗೆರೆ ಸರಿ. ವಿವೇಚನೆಯ ದೃಷ್ಟಿಯಿಂದ ಅದು ಅವಸರದ್ದು. ಗ್ಲಿಟರ್, ಗ್ಲೀಮ್, ಗ್ಲಿಮರ್, ಗ್ಲೋ, ಹೀಗೆ ಇಂಗ್ಲಿಷಿನಲ್ಲಿ ಬೆಳಕಿನ ಎಷ್ಟೋ ಶಬ್ದಗಳು ‘ಗ್ಲ್’ ಎಂಬ ಒಂದೇ ಧ್ವನಿಯಿಂದ ಆರಂಭವಾಗುವುದು ಗಮನಾರ್ಹ. ನಾದಕ್ಕೂ ಹೊಳಪಿಗೂ ಅಲ್ಲಿಯೂ ನಂಟಿದೆ; ಗೈಡಿನ ವ್ಯಾಖ್ಯೆಯಲ್ಲಿ ಅದಕ್ಕೆ ಸ್ಥಳವಿಲ್ಲ, ಅಷ್ಟೇ. ಇನ್ನೂ ಒಂದು ಮಾತು ಆಕೆಗೆ ಹೇಳಬಹುದಿತ್ತು. ‘ಬಝ್’ ಇಂಗ್ಲಿಷಿನಲ್ಲಿ ನಾಮಪದವೂ ಹೌದು, ಕ್ರಿಯಾಪದವೂ ಹೌದು. ವಾಕ್ಯದಲ್ಲಿ ನಿಂತ ಜಾಗ ನೋಡಿ ವರ್ಗ ನಿರ್ಣಯಿಸಬೇಕು. ನಮ್ಮ ‘ಥಳಥಳ’ ಲಿಂಗ ವಚನ ವಿಭಕ್ತಿಗಳಿಗೆ ಬಗ್ಗದ ಅವ್ಯಯ. ‘ಇಸು’ ಹತ್ತಿದಾಗ ಮಾತ್ರ ‘ಥಳಥಳಿಸು’ ಎಂಬ ಧಾತುವಾಗುತ್ತದೆ.

ಗೈಡುಗಳ ಇನ್ನೊಂದು ದೋಷ, ಒಂದು ಶಬ್ದಕ್ಕೆ ಅಡಿಗೆರೆ ಹಾಕಿಸಿ ಮುಗಿಸುವುದು. ಟೆನಿಸನ್ನನ ‘ದಿ ಪ್ರಿನ್ಸೆಸ್’ ಕಾವ್ಯದ (1847) ಜೇನ್ನೊಣಗಳ ಸಾಲು ಇದಕ್ಕೆ ಹಳೆಯ ಉದಾಹರಣೆ. ಅಲ್ಲಿ ಗುಂಜಾರವ ಹುಟ್ಟುವುದು ಒಂದು ಶಬ್ದದಿಂದಲ್ಲ; ಸಾಲಿನುದ್ದಕ್ಕೂ ಹರಿಯುವ ಮಕಾರ ನಕಾರಗಳಿಂದ. ಅಡಿಗೆರೆ ಎಲ್ಲಿ ಎಳೆಯಬೇಕು? ಬೇಂದ್ರೆಯವರು 1944ರಿಂದ 1956ರವರೆಗೆ ಇದೇ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ತಮ್ಮ ಒಂದು ಕವನ ಸಂಕಲನಕ್ಕೆ ‘ನಾದಲೀಲೆ’ ಎಂದೇ ಹೆಸರಿಟ್ಟವರು. ಅವರ ಕವಿತೆಯನ್ನು ಗಟ್ಟಿಯಾಗಿ ಓದಿ ಬೆಳೆದ ಹುಡುಗನಿಗೆ ಟೆನಿಸನ್ನನ ಆ ಸಾಲನ್ನೂ ಮೊದಲು ಎರಡು ಸಲ ಗಟ್ಟಿಯಾಗಿ ಓದಿಸಿ, ಅಲಂಕಾರದ ಹೆಸರನ್ನು ಆಮೇಲೆ ಕೇಳಬಹುದು.