ಚಲನೆಯ ಕ್ರಿಯಾವಿಶೇಷಣವೂ ಚರಿತ್ರೆಯ ಅನುವಾದವೂ

ಆಂಗ್ಲ ಚರಿತ್ರಗ್ರಂಥಗಳನ್ನು ಕನ್ನಡಕ್ಕೆ ತರುವವರು ಅರಸರ ಹೆಸರು, ತೇದಿಗಳಲ್ಲಿ ತೋರುವ ಎಚ್ಚರವನ್ನು ಕ್ರಿಯಾವಿಶೇಷಣಗಳಲ್ಲಿ ಸಾಮಾನ್ಯವಾಗಿ ತೋರುವುದಿಲ್ಲ. ದಂಡು ಹೊರಟಿತು, ಬಂದಿತು, ಹಿಂದೆ ಸರಿಯಿತು ಎಂಬ ವಾಕ್ಯಗಳು ಚರಿತ್ರೆಯಲ್ಲಿ ಹೇರಳವಾಗಿರುವುದರಿಂದ ಚಲನೆಯನ್ನು ವಿಶೇಷಿಸುವ ಪದಗಳು ಅಲಕ್ಷಿಸತಕ್ಕವಲ್ಲ.

ಆಂಗ್ಲದಲ್ಲಿ ಇಂತಹ ಪದಗಳು ಮುಖ್ಯವಾಗಿ ಎರಡು ಬಗೆ. 'ಅಪ್', 'ಡೌನ್', 'ಬ್ಯಾಕ್' ಮೊದಲಾದವು ದಿಕ್ಕನ್ನು ಸೂಚಿಸುತ್ತವೆ. 'ಸ್ಲೋಲಿ', 'ಹೇಸ್ಟಿಲಿ' ಮೊದಲಾದವು ರೀತಿಯನ್ನು. 'ರ್‍ಯಾನ್ ಡೌನ್' ಎಂಬಲ್ಲಿ ಕ್ರಿಯಾಪದವು ಓಟವನ್ನೂ ವಿಶೇಷಣವು ದಿಕ್ಕನ್ನೂ ಹೇಳುತ್ತದೆ. ಕನ್ನಡದಲ್ಲಿ ದಿಕ್ಕು ಅನೇಕ ವೇಳೆ ಧಾತುವಿನಲ್ಲಿಯೇ ಅಡಗಿದೆ: ಏರು, ಇಳಿ, ಮರಳು. ಓಟವನ್ನು ಕೃದಂತವು ಹೊರುತ್ತದೆ. 'ಓಡುತ್ತ ಇಳಿದನು' ಎನ್ನುತ್ತೇವೆ. 'ಫೆಲ್ ಬ್ಯಾಕ್' ಎಂಬುದನ್ನು ಪದಶಃ 'ಹಿಂದೆ ಬಿದ್ದಿತು' ಎಂದರೆ ದಂಡು ಹಿಂದುಳಿಯಿತೆಂದೋ, ಶತ್ರುವಿನ ಬೆನ್ನು ಹತ್ತಿತೆಂದೋ ಅರ್ಥವಾದೀತು. 'ಹಿಮ್ಮೆಟ್ಟಿತು' ಎಂಬ ಒಂದೇ ಪದ ಸಾಕು.

ರೀತಿವಾಚಕಗಳಲ್ಲಿ ತೊಡಕು ಬೇರೆ. ವೇಗವಾಗಿ, ನಿಧಾನವಾಗಿ, ಗಂಭೀರವಾಗಿ ಎಂದು ಎಲ್ಲವನ್ನೂ 'ಆಗಿ' ಎಂಬ ಒಂದೇ ಅಚ್ಚಿಗೆ ಎರೆಯುವುದು ರೂಢಿಯಾಗಿದೆ. ಆದರೆ ಸರಸರನೆ, ಬಿರಬಿರನೆ, ದಡದಡನೆ, ಮೆಲ್ಲಮೆಲ್ಲನೆ ಎಂಬವು ನಮ್ಮಲ್ಲಿವೆ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಅವ್ಯಯಗಳಿಗೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟನು. ಆ ಗ್ರಂಥವನ್ನು 1872ರಲ್ಲಿ ಇದೇ ಮಂಗಳೂರಿನಿಂದ ಪ್ರಕಟಿಸಿದ ಕಿಟ್ಟೆಲರು 1894ರಲ್ಲಿ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಇಲ್ಲಿಯೇ ಅಚ್ಚುಹಾಕಿಸಿದರು. ಅನುಕರಣಪದಗಳೆಲ್ಲ ಶಾಸ್ತ್ರಗದ್ಯಕ್ಕೆ ಒಪ್ಪವೆಂಬುದು ನಿಜ. ಆದರೂ ಆಯ್ಕೆಗೆ ಅವಕಾಶವಿದೆ ಎಂಬುದನ್ನು ಮರೆಯಬಾರದು.

ಚರಿತ್ರಕಾರನಿಗೆ ಇದಕ್ಕಿಂತ ಗುರುತರವಾದ ಪ್ರಶ್ನೆಯೊಂದಿದೆ. 1837ರ ಏಪ್ರಿಲಿನಲ್ಲಿ ಕಲ್ಯಾಣಪ್ಪನ ದಂಡು ಸುಳ್ಯದ ಕಡೆಯಿಂದ ಬಂದು ಮಂಗಳೂರನ್ನು ಕೆಲವು ದಿನ ವಶದಲ್ಲಿಟ್ಟುಕೊಂಡಿತು. ಈ ಪ್ರಸಂಗದಲ್ಲಿ ಆಂಗ್ಲ ಅಧಿಕಾರಿಗಳು 'ಹೇಸ್ಟಿಲಿ' ತೆರಳಿದರೆಂದು ಒಬ್ಬ ಲೇಖಕನು ಬರೆದನೆಂದು ಭಾವಿಸೋಣ. ಒಬ್ಬ ಅನುವಾದಕನು 'ಅವಸರದಿಂದ ತೆರಳಿದರು' ಎಂದಾನು. ಇನ್ನೊಬ್ಬನು 'ಓಡಿಹೋದರು' ಎಂದಾನು. ಮತ್ತೊಬ್ಬನು 'ಹೆದರಿ ಓಡಿದರು' ಎಂದಾನು. ಮೂಲದಲ್ಲಿದ್ದುದು ತ್ವರೆ ಮಾತ್ರ. ಭಯವು ಅನುವಾದಕನ ಕೊಡುಗೆ. ಅದು ನಮ್ಮ ಅಭಿಮಾನಕ್ಕೆ ಹಿತವೆನಿಸಿದರೂ ಪ್ರಮಾಣವಾಗಲಾರದು. ಹಾಗೆಯೇ ದಂಗೆಯವರು 'ಸ್ಲೋಲಿ' ಮುಂದುವರಿದರೆಂಬ ಮಾತಿಗೆ ಹಿಂಜರಿಕೆಯನ್ನು ಕಾರಣವಾಗಿ ಕಲ್ಪಿಸುವುದೂ ಸಲ್ಲದು. ಕಾಡು, ಹೊಳೆ, ಸಾಮಗ್ರಿಯ ಭಾರ ಇವೂ ನಡಿಗೆಯನ್ನು ತಡೆಯುತ್ತವೆ. ದಂಡು ಇಷ್ಟು ದಿನದಲ್ಲಿ ಇಷ್ಟು ಹರಿದಾರಿ ನಡೆಯಿತೆಂಬುದು ಸಂಗತಿ. ವೇಗವಾಗಿ ನಡೆಯಿತೆಂಬುದು ಬರೆದವನ ಅಭಿಪ್ರಾಯ.

ಆದುದರಿಂದ ಅನುವಾದಕನು ಪ್ರತಿಯೊಂದು ವಿಶೇಷಣವನ್ನೂ ತಡೆದು ಪ್ರಶ್ನಿಸತಕ್ಕದ್ದು: ಇದು ದಿಕ್ಕೋ, ರೀತಿಯೋ, ತೀರ್ಪೋ? ದಿಕ್ಕಾದರೆ ಧಾತುವಿಗೆ ಒಪ್ಪಿಸಬಹುದು. ರೀತಿಯಾದರೆ ಕನ್ನಡದ ಸ್ವಂತ ಪದವನ್ನು ಹುಡುಕಬೇಕು. ತೀರ್ಪಾದರೆ, ಅದು ಯಾರ ತೀರ್ಪೆಂಬುದು ಓದುಗನಿಗೆ ಗೊತ್ತಾಗುವಂತೆ ಬರೆಯಬೇಕು. ನಮ್ಮ ವಿದ್ಯಾರ್ಥಿಗಳು ಬಹುಮಟ್ಟಿಗೆ ಅನುವಾದಗಳ ಮೂಲಕವೇ ಚರಿತ್ರೆಯನ್ನು ಅರಿಯುತ್ತಿರುವಾಗ ಈ ವಿವೇಕವು ವ್ಯಾಕರಣದ ಸೂಕ್ಷ್ಮತೆ ಮಾತ್ರವಲ್ಲ, ಚರಿತ್ರಕಾರನ ಕರ್ತವ್ಯವೂ ಹೌದು.