ನಾಲ್ಕು ಮೂಲೆಗಳ ಲೆಕ್ಕ
ಸ್ಪೋರ್ಟ್ಸ್ ಕಾರು ಕೊಂಡವರ ಕೈ ತುರಿಸುವುದು ಸಾಮಾನ್ಯವಾಗಿ ಎಂಜಿನ್ ಕಡೆಗೆ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆಯಲ್ಲಿ ಒಂದು ಸುತ್ತು ಹೊಡೆದರೆ ಗಮನ ಸಸ್ಪೆನ್ಷನ್ನಿಗೆ ತಿರುಗುತ್ತದೆ. ಸುಮಾರು 20.8 ಕಿಲೋಮೀಟರಿನ ಆ ರೇಸ್ ಹಾದಿಯಲ್ಲಿ ಕಾರು ಫುಕ್ಸ್‌ರ್ಯೋರೆಯ ಇಳಿಜಾರಿನ ತಳದಲ್ಲಿ ಕುಸಿದು ಕೂರುತ್ತದೆ, ಫ್ಲೂಗ್‌ಪ್ಲಾಟ್ಸ್‌ನ ದಿಬ್ಬದಲ್ಲಿ ಹಗುರಾಗುತ್ತದೆ. ಎರಡನ್ನೂ ಸಂಭಾಳಿಸಬೇಕಾದದ್ದು ಸ್ಪ್ರಿಂಗು, ಡ್ಯಾಂಪರು.

ಪೋರ್ಷೆ 911 ಜಿಟಿ3ಯಂಥ ಪಳಗಿದ ಕಾರಿಗೂ ಜನ ಸ್ವೀಡನ್ನಿನ ಓಲಿನ್ಸ್ ಡ್ಯಾಂಪರು ಹಾಕಿಸುತ್ತಾರೆ. 1976ರಲ್ಲಿ ಶುರುವಾದ ಕಂಪನಿ. ಚಿನ್ನದ ಬಣ್ಣ ಅದರ ಗುರುತು. ಆ ಬಣ್ಣಕ್ಕೇ ಮರುಳಾಗುವವರೂ ಇದ್ದಾರೆ, ಬಿಡಿ.

ನನ್ನ ಮೆಚ್ಚುಗೆ ಸಾಮಾನಿಗಿಂತ ಅದನ್ನು ಕೂರಿಸುವ ಮೆಕ್ಯಾನಿಕ್‌ಗೆ. ಪ್ರತಿ ಚಕ್ರದಡಿಗೂ ಒಂದು ತೂಕದ ಯಂತ್ರ, ಆ್ಯಂಟಿ ರೋಲ್ ಬಾರ್ ಕಳಚಿಟ್ಟು, ಸೀಟಿನಲ್ಲಿ ಚಾಲಕನಷ್ಟೇ ತೂಕದ ಮರಳುಚೀಲ. ಮುಂದಿನ ಎಡಗಡೆ ಸ್ಪ್ರಿಂಗ್ ಕೂರುವ ಬಳೆಯನ್ನು ತುಸು ಮೇಲಕ್ಕೆ ತಿರುಗಿಸಿದರೆ ಅಲ್ಲಿ ಮಾತ್ರವಲ್ಲ, ಹಿಂದಿನ ಬಲಚಕ್ರದ ಮೇಲೂ ಭಾರ ಹೆಚ್ಚುತ್ತದೆ, ಉಳಿದೆರಡು ಹಗುರಾಗುತ್ತವೆ. ಕುಂಟುವ ಮಂಚದ ಕಾಲಿಗೆ ಚಕ್ಕೆ ಕೊಟ್ಟ ಹಾಗೆ. ಹೀಗೆ ಕೂದಲೆಳೆಯಷ್ಟು ಏರಿಸಿ, ಇಳಿಸಿ, ಮತ್ತೆ ತೂಗಿ, ಎರಡು ಕರ್ಣಗಳ ಭಾರ ಹತ್ತಿರ ಹತ್ತಿರ ಸಮವಾದಾಗ ಕಾರು ಎಡಕ್ಕೂ ಬಲಕ್ಕೂ ಒಂದೇ ಥರ ತಿರುಗುತ್ತದೆ.

ಆಮೇಲೆ ಡ್ಯಾಂಪರನ್ನು ಬಿಗಿ, ಸಡಿಲ ಮಾಡುವ ಕ್ಲಿಕ್‌ಗಳು. ಬಿಗಿ ಮಾಡುವುದೇ ಜಾಣತನ ಎಂದುಕೊಂಡವರ ಕಾರು ಉಬ್ಬುತಗ್ಗಿನ ಮೇಲೆ ಕುಪ್ಪಳಿಸುತ್ತದೆ, ಟೈರು ಹಿಡಿತ ಬಿಡುತ್ತದೆ. ಬಲ್ಲವರು ಅಂಥ ರಸ್ತೆಗೆ ಒಂದೆರಡು ಕ್ಲಿಕ್ ಸಡಿಲಿಸಿಕೊಂಡೇ ಹೊರಡುತ್ತಾರೆ.