ಧನಶ್ರೀಯ ದುಡ್ಡು, ಊರಿನ ಕಣ್ಣು

ಎಚ್‌ಐವಿ ಸೋಂಕಿತ ಹೆಣ್ಣುಮಕ್ಕಳು ಸ್ವಂತ ದುಡಿಮೆ ಹಿಡಿಯಲಿ ಎಂದು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ನಡೆಸುವ ಯೋಜನೆ ‘ಧನಶ್ರೀ’. 18ರಿಂದ 60 ವರ್ಷದವರಿಗೆ 30,000 ರೂಪಾಯಿ ಪ್ರೋತ್ಸಾಹಧನ. ಉದ್ದೇಶಕ್ಕೆ ಕೊಂಕು ತೆಗೆಯುವಂತಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ನಿಂತು ನೋಡಿದರೆ, ಕೊರತೆ ಬಂಡವಾಳದ್ದು ಮಾತ್ರ ಎಂದು ಯೋಜನೆ ನಂಬಿಕೊಂಡಂತಿದೆ.

ಮೊದಲು ಅರ್ಜಿ. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಹಾಕಬೇಕು, ಹಳ್ಳಿಯಲ್ಲಿ ಹಾಗೆಂದರೆ ಗ್ರಾಮ ಒನ್ ಕೇಂದ್ರ. ಕಂಪ್ಯೂಟರಿನ ಮುಂದೆ ಕೂತವನು ನೆಂಟನೋ, ಪಕ್ಕದ ಬೀದಿಯವನೋ. ಪಹಣಿಗೆ, ಪಿಂಚಣಿಗೆ ಬಂದವರು ಬೆನ್ನ ಹಿಂದೆಯೇ ನಿಂತಿರುತ್ತಾರೆ. ‘ಯಾವುದಕ್ಕೆ ಅಕ್ಕ?’ ಅಂದರೆ ಏನು ಹೇಳುವುದು? 2018ರಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಸೋಂಕಿನ ಗುಟ್ಟನ್ನು ಕಾಪಾಡಬೇಕು ಎನ್ನುತ್ತದೆ. ಇಲ್ಲಿ ಗುಟ್ಟು ಬಿಟ್ಟುಕೊಡುವುದು ಸರದಿ ಸಾಲು. ಸಾಲಿನ ಮೇಲೆ ಕೇಸು ಹಾಕಲಾದೀತೆ?

ದುಡ್ಡು ಕೈಗೆ ಬಂತೆನ್ನಿ. ಇಡ್ಲಿ ಅಂಗಡಿ ಇಟ್ಟರೆ ವಿಷಯ ಗೊತ್ತಿದ್ದವರು ತಿನ್ನಲು ಬರುವುದಿಲ್ಲ. ಸೋಂಕು ಊಟದಿಂದ ಹರಡದು ಎಂಬುದು ಪೋಸ್ಟರಿನಲ್ಲಿದೆ, ನಾಲಗೆಗೆ ಇನ್ನೂ ಇಳಿದಿಲ್ಲ. ಹಾಲಿಗೆ ಈ ತಾಪತ್ರಯ ಕಡಿಮೆ: ಡೇರಿಯ ಕ್ಯಾನಿಗೆ ಸುರಿದ ಮೇಲೆ ಯಾರ ಮನೆಯ ಹಾಲೆಂದು ಹೇಳುವವರಿಲ್ಲ. ಆದರೆ 30,000ಕ್ಕೆ ಒಳ್ಳೆಯ ಸೀಮೆ ಹಸು ಎಲ್ಲಿ ಸಿಗುತ್ತದೆ? ಈ ಸೀಮೆಯ ದೊಡ್ಡ ದುಡ್ಡಿನ ಬೆಳೆ ಹೊಗೆಸೊಪ್ಪಿಗೂ ಹೆಸರಿನ ಹಂಗಿಲ್ಲ, ಹರಾಜಿನಲ್ಲಿ ನೋಡುವುದು ಎಲೆಯನ್ನು. ಅಲ್ಲಿ ಅಡ್ಡಿ ಬೇರೆ. ಹೊಗೆಸೊಪ್ಪು ಬೆಳೆಯುವ ಪರವಾನಗಿ ಗಂಡನ ಹೆಸರಿನಲ್ಲಿದ್ದು, ಅವನು ತೀರಿಹೋದ ಮೇಲೆ ಖಾತೆ ಬದಲಾಗದಿದ್ದರೆ ಅವಳು ಬರೀ ಕೂಲಿಯವಳು. ಸೊಪ್ಪು ಹದಮಾಡುವ ಬ್ಯಾರನ್ನಿನ ಬಿಸಿಗೆ ರಾತ್ರಿಯಿಡೀ ಸೌದೆ ಒಟ್ಟುವ ಕೂಲಿ, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ನುಂಗುವ ದಣಿದ ಮೈಗೆ ಹೇಳಿಸಿದ್ದಲ್ಲ.

ಮೈಸೂರಿನ ಆಶೋದಯ ಸಮಿತಿ ಗುಟ್ಟು ಮುಚ್ಚಿಡುವುದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯಿತು. ಲೈಂಗಿಕ ಕಾರ್ಯಕರ್ತರ ಈ ಸಂಘಟನೆ 2008ರಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಗೆದ್ದು, ಆ ದುಡ್ಡಿನಿಂದ ಹೋಟೆಲನ್ನೇ ತೆರೆಯಿತು. ಯಾವ ಕೈಯ ಅಡುಗೆಗೆ ಜನ ಹೇಸುತ್ತಾರೋ ಅದೇ ಕೈ ಬಡಿಸಿತು. ನನ್ನ ಮೆಚ್ಚುಗೆ ಇದಕ್ಕೇ. ಆದರೂ ಅದು ನಗರದ, ಒಟ್ಟಾಗಿ ನಿಂತವರ ಧೈರ್ಯ. ಹಳ್ಳಿಯಲ್ಲಿ ಒಂಟಿಯಾಗಿ ಮಕ್ಕಳನ್ನು ಸಾಕುವವಳಿಂದ ಅದನ್ನು ಕೇಳುವುದು ಅನ್ಯಾಯ.

ಹಾಗಾಗಿ ಧನಶ್ರೀಗೆ ಬೇಕಿರುವುದು ದೊಡ್ಡ ಘೋಷಣೆಯಲ್ಲ. ಅರ್ಜಿಯನ್ನು ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರ ಮೇಜಿನಲ್ಲೇ ತೆಗೆದುಕೊಳ್ಳಲಿ. ಮಾತ್ರೆಗೆ ಹೇಗೂ ಅಲ್ಲಿಗೆ ಬರುತ್ತಾಳೆ, ಅವರಿಗೆ ಹೇಗೂ ಗೊತ್ತಿದೆ. ಮೊತ್ತ ಹಸುವಿನ ಬೆಲೆಯನ್ನಾದರೂ ಮುಟ್ಟಲಿ.